‘ಚೆನ್ನಾಗಿದೆ’ ಎಂದವರೆಲ್ಲ ಯಾಕೆ ಕೊಳ್ಳುವುದಿಲ್ಲ? ಹೊಸ ಉತ್ಪನ್ನದ ಐಡಿಯಾವನ್ನು ಮೊದಲೇ ಪರೀಕ್ಷಿಸುವ ಕಷ್ಟ

2025ರ ಫೆಬ್ರವರಿಯಲ್ಲಿ ಬಂದ ಒಂದು ಸುದ್ದಿ ಹಲವರಿಗೆ ಅರ್ಥವಾಗಲಿಲ್ಲ. ಹ್ಯೂಮೇನ್ ಎಂಬ ಕಂಪನಿ ತನ್ನ ‘ಎಐ ಪಿನ್’ ಮಾರಾಟವನ್ನು ನಿಲ್ಲಿಸಿತು. ಅಂಗಿಗೆ ಸಿಕ್ಕಿಸಿಕೊಂಡು, ಫೋನಿನ ಬದಲು ಮಾತಾಡಿ ಕೆಲಸ ಮಾಡಿಸಿಕೊಳ್ಳುವ ಈ ಪುಟ್ಟ ಸಾಧನ ಜನರ ಕೈಗೆ ಸಿಕ್ಕಿದ್ದು 2024ರ ಏಪ್ರಿಲ್‌ನಲ್ಲಿ. ಅಂದರೆ ಒಂದು ವರ್ಷವೂ ಉಳಿಯಲಿಲ್ಲ. ಕಂಪನಿ ಕಟ್ಟಿದವರು ಆಪಲ್‌ನಲ್ಲಿ ಕೆಲಸ ಮಾಡಿ ಪಳಗಿದವರು. ಹೂಡಿಕೆದಾರರು ಹಾಕಿದ ಹಣ ಸುಮಾರು 23 ಕೋಟಿ ಡಾಲರ್. ಕೊನೆಗೆ ಕಂಪನಿಯ ತಂತ್ರಜ್ಞಾನ, ಪೇಟೆಂಟ್ ಮತ್ತು ಹೆಚ್ಚಿನ ಸಿಬ್ಬಂದಿಯನ್ನು ಕಂಪ್ಯೂಟರ್ ಕಂಪನಿ ಎಚ್‌ಪಿ 11.6 ಕೋಟಿ ಡಾಲರಿಗೆ ತೆಗೆದುಕೊಂಡಿತು.

ಅದಕ್ಕೂ ಒಂದು ವರ್ಷ ಮುಂಚೆ, 2024ರ ಫೆಬ್ರವರಿಯಲ್ಲಿ, ಆಪಲ್ ತನ್ನ ಕಾರಿನ ಯೋಜನೆಯನ್ನು ಕೈಬಿಟ್ಟಿದೆ ಎಂಬ ವರದಿ ಬಂದಿತ್ತು. ಸುಮಾರು ಹತ್ತು ವರ್ಷದ ಕೆಲಸ. ಪತ್ರಿಕಾ ವರದಿಗಳ ಪ್ರಕಾರ ಸಾವಿರ ಕೋಟಿ ಡಾಲರಿಗೂ ಜಾಸ್ತಿ ಖರ್ಚು. ಆದರೆ ಒಂದೇ ಒಂದು ಕಾರೂ ಮಾರುಕಟ್ಟೆಗೆ ಬರಲಿಲ್ಲ.

ಇವನ್ನು ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಬರುತ್ತದೆ. ಇಷ್ಟು ದುಡ್ಡು, ಇಷ್ಟು ಬುದ್ಧಿವಂತರು ಇದ್ದೂ ಇದು ಮೊದಲೇ ಗೊತ್ತಾಗಲಿಲ್ಲವೇ? ಮಾಡುವ ಮುಂಚೆ ಜನರನ್ನು ಕೇಳಬಹುದಿತ್ತು, ಅಲ್ವಾ?

ಕೇಳುವುದು ಕಷ್ಟವಲ್ಲ, ಬಹಳಷ್ಟು ಕಂಪನಿಗಳು ಕೇಳುತ್ತವೆ. ಯಾವ ಪ್ರಶ್ನೆ ಕೇಳಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನುವಲ್ಲಿ ಕಷ್ಟವಿದೆ.

ಪರೀಕ್ಷಿಸುವುದು ಏನನ್ನು?

ಉತ್ಪನ್ನ ಅಭಿವೃದ್ಧಿಯ ಕೆಲಸದಲ್ಲಿ ಇರುವವರು ‘ಕಾನ್ಸೆಪ್ಟ್’ ಎಂಬ ಪದವನ್ನು ಬಹಳ ಬಳಸುತ್ತಾರೆ. ಉತ್ಪನ್ನ ಇನ್ನೂ ಹುಟ್ಟಿಲ್ಲ, ಆದರೆ ಅದು ಏನು ಅಂತ ಅರ್ಧ ಪುಟದಲ್ಲಿ ಹೇಳಬಹುದು. ಆ ಹಂತದ ವಿವರಣೆಯೇ ಕಾನ್ಸೆಪ್ಟ್. ಇದು ಯಾರಿಗೆ, ಅವರ ಯಾವ ತೊಂದರೆಗೆ, ಹೇಗೆ ಕೆಲಸ ಮಾಡುತ್ತದೆ, ಈಗ ಅವರು ಮಾಡುತ್ತಿರುವುದಕ್ಕಿಂತ ಯಾಕೆ ಒಳ್ಳೆಯದು ಎಂಬುದು ಅದರಲ್ಲಿ ಇರಬೇಕು.

ಈ ಹಂತದಲ್ಲಿ ಒಂದು ವಿಚಿತ್ರ ಇಕ್ಕಟ್ಟು ಇದೆ. ಬದಲಾಯಿಸುವುದು ಈಗಲೇ ಅತ್ಯಂತ ಸುಲಭ, ಯಾಕೆಂದರೆ ಬರೆದ ಸಾಲನ್ನು ಅಳಿಸಿದರೆ ಸಾಕು. ಆದರೆ ಆ ಉತ್ಪನ್ನದ ಬಗ್ಗೆ ನಮಗೆ ಅತ್ಯಂತ ಕಡಿಮೆ ಗೊತ್ತಿರುವುದೂ ಈಗಲೇ. ಮುಂದೆ ಹೋದಂತೆ ತಿಳಿವಳಿಕೆ ಹೆಚ್ಚುತ್ತದೆ. ಅಷ್ಟರಲ್ಲಿ ಅಚ್ಚುಗಳು ತಯಾರಾಗಿರುತ್ತವೆ, ಬಿಡಿಭಾಗಗಳಿಗೆ ಒಪ್ಪಂದ ಆಗಿರುತ್ತದೆ, ಜನರನ್ನು ಕೆಲಸಕ್ಕೆ ತೆಗೆದುಕೊಂಡಿರುತ್ತಾರೆ. ಗೊತ್ತಾದಾಗ ಬದಲಾಯಿಸಲು ಆಗುವುದಿಲ್ಲ, ಬದಲಾಯಿಸಲು ಆಗುವಾಗ ಗೊತ್ತಿರುವುದಿಲ್ಲ. ಆರಂಭದ ಪರೀಕ್ಷೆಗಳೆಲ್ಲ ಈ ಅಂತರವನ್ನು ಸ್ವಲ್ಪವಾದರೂ ಕಿರಿದು ಮಾಡುವ ಪ್ರಯತ್ನಗಳು. ತಿಳಿಯಬೇಕಾದ್ದನ್ನು ಕಡಿಮೆ ಖರ್ಚಿನಲ್ಲಿ, ಆದಷ್ಟು ಬೇಗ ತಿಳಿಯುವುದು ಅವುಗಳ ಉದ್ದೇಶ.

ಇಲ್ಲೊಂದು ಮಾತು. ‘ಹೊಸ ಉತ್ಪನ್ನಗಳಲ್ಲಿ ನೂರಕ್ಕೆ 95 ಸೋಲುತ್ತವೆ’ ಎಂಬ ಸಾಲನ್ನು ಎಲ್ಲೆಡೆ ಓದುತ್ತೀರಿ. ಅದನ್ನು ನಂಬಬೇಡಿ. ಜಾರ್ಜ್ ಕ್ಯಾಸ್ಟೆಲಿಯನ್ ಮತ್ತು ಸ್ಟೀಫನ್ ಮಾರ್ಕಮ್ ಎಂಬ ಸಂಶೋಧಕರು 2013ರಲ್ಲಿ ಈ ವಿಷಯದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಮಾರುಕಟ್ಟೆಗೆ ಬಂದ ಉತ್ಪನ್ನಗಳಲ್ಲಿ ಸೋಲುವುದು ಸುಮಾರು 40 ಪ್ರತಿಶತ ಎಂದು ಅವರು ತೋರಿಸಿದರು. ಇದೂ ಸಣ್ಣ ಸಂಖ್ಯೆಯಲ್ಲ. ಆದರೆ 95 ಎಂದು ನಂಬಿದವರು ‘ಹೇಗಿದ್ದರೂ ಅದೃಷ್ಟದ ಆಟ’ ಎಂದು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ತಪ್ಪು ಅಂಕಿಯಿಂದ ಆಗುವ ನಷ್ಟ ಅದು.

ಸುಳ್ಳು ‘ಹೌದು’ ಹುಟ್ಟುವ ಬಗೆ

ಒಬ್ಬರ ಮುಂದೆ ಒಂದು ಚಿತ್ರ ಇಟ್ಟು ‘ಇದನ್ನು ಕೊಳ್ಳುತ್ತೀರಾ?’ ಎಂದು ಕೇಳಿ. ಅವರು ಹೌದು ಎಂದರೆ ಅವರಿಗೆ ಏನೂ ಖರ್ಚಿಲ್ಲ. ಇಲ್ಲ ಎಂದರೆ ಎದುರಿಗಿರುವವರಿಗೆ ಬೇಜಾರು. ಹಾಗಾಗಿ ಮಾತು ಸುಲಭವಾಗಿ ಹೌದಿನ ಕಡೆ ವಾಲುತ್ತದೆ. ಇದು ಸುಳ್ಳು ಹೇಳುವುದಲ್ಲ. ಆ ಕ್ಷಣದಲ್ಲಿ ಅವರಿಗೆ ನಿಜಕ್ಕೂ ಹಾಗೇ ಅನಿಸಿರುತ್ತದೆ. ಆದರೆ ಕೊಳ್ಳುವ ಕ್ಷಣದಲ್ಲಿ ಜೇಬು ನೆನಪಾಗುತ್ತದೆ. ಮನೆಯಲ್ಲಿ ಈಗಾಗಲೇ ಇರುವ ವಸ್ತು ನೆನಪಾಗುತ್ತದೆ. ಹೊಸದನ್ನು ಕಲಿಯುವ ತಾಪತ್ರಯ ನೆನಪಾಗುತ್ತದೆ. ಪ್ರಶ್ನೆ ಕೇಳಿದಾಗ ಇವು ಯಾವುವೂ ಕೋಣೆಯಲ್ಲಿ ಇರಲಿಲ್ಲ.

ಇದನ್ನು ಮಾರುಕಟ್ಟೆ ಸಂಶೋಧಕರು ಚೆನ್ನಾಗಿ ಬಲ್ಲರು. ‘ಖಂಡಿತ ಕೊಳ್ಳುತ್ತೇನೆ’ಯಿಂದ ‘ಖಂಡಿತ ಕೊಳ್ಳುವುದಿಲ್ಲ’ದವರೆಗೆ ಐದು ಮೆಟ್ಟಿಲಿನ ಪ್ರಶ್ನೆ ಕೇಳುವುದು ಹಳೆಯ ಪದ್ಧತಿ. ಅನುಭವಿಗಳು ಬಂದ ಉತ್ತರವನ್ನು ಹಾಗೇ ಒಪ್ಪುವುದಿಲ್ಲ. ಮೇಲಿನ ಮೆಟ್ಟಿಲಿನ ಉತ್ತರಗಳನ್ನೂ ಹಳೆಯ ಉತ್ಪನ್ನಗಳ ಅನುಭವ ನೋಡಿ ಇಳಿಸಿಯೇ ಲೆಕ್ಕ ಹಾಕುತ್ತಾರೆ. ಎಷ್ಟು ಇಳಿಸಬೇಕು ಎಂಬುದು ಅದೇ ಬಗೆಯ ಉತ್ಪನ್ನಗಳ ಹಿಂದಿನ ದಾಖಲೆಯಿಂದ ಮಾತ್ರ ತಿಳಿಯುತ್ತದೆ. ಹೊಸ ಬಗೆಯ ಸೋಪಿಗೆ ಆ ದಾಖಲೆ ಸಿಗುತ್ತದೆ. ಅಂಗಿಗೆ ಸಿಕ್ಕಿಸುವ ಎಐ ಸಾಧನಕ್ಕೆ ಎಲ್ಲಿಂದ ಸಿಗಬೇಕು?

ಪ್ರಶ್ನೆಯೇ ತಪ್ಪಾದರೆ ಎಷ್ಟು ಜನರನ್ನು ಕೇಳಿದರೂ ಉಪಯೋಗವಿಲ್ಲ. ಕೋಕಾ-ಕೋಲಾ 1985ರ ಏಪ್ರಿಲ್ 23ರಂದು ತನ್ನ ಹಳೆಯ ರುಚಿಯನ್ನು ತೆಗೆದು ಹೊಸದನ್ನು ತಂದಿತು. ಅದಕ್ಕೆ ಮೊದಲು ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ ನೋಡಿದ್ದರು. ಹೊಸ ರುಚಿಯೇ ಗೆದ್ದಿತ್ತು. ಆದರೂ 79 ದಿನಗಳಲ್ಲಿ ಹಳೆಯದನ್ನು ಮರಳಿ ತರಬೇಕಾಯಿತು. ಪರೀಕ್ಷೆ ಉತ್ತರಿಸಿದ್ದು ‘ಯಾವುದು ರುಚಿ?’ ಎಂಬ ಪ್ರಶ್ನೆಗೆ. ಮಾರುಕಟ್ಟೆ ಕೇಳಿದ್ದು ‘ನನ್ನ ಹಳೆಯದನ್ನು ಯಾಕೆ ಕಿತ್ತುಕೊಂಡಿರಿ?’ ಎಂದು. ಎರಡು ಲಕ್ಷ ಉತ್ತರಗಳು ಸರಿಯಾಗಿಯೇ ಇದ್ದವು, ಆದರೆ ಅವು ಬೇರೆ ಪ್ರಶ್ನೆಯ ಉತ್ತರಗಳು.

ಇನ್ನು ಕಂಪನಿಯ ಒಳಗಿನ ‘ಹೌದು’. ನನ್ನ ಮಟ್ಟಿಗೆ ಇದೇ ಹೆಚ್ಚು ಅಪಾಯಕಾರಿ. ಒಂದು ಐಡಿಯಾವನ್ನು ಹಿರಿಯ ಅಧಿಕಾರಿ ಮೆಚ್ಚಿಕೊಂಡರೆ ಪರೀಕ್ಷೆಯ ಉದ್ದೇಶವೇ ಬದಲಾಗುತ್ತದೆ. ‘ಇದು ನಿಲ್ಲುತ್ತದೆಯೇ?’ ಎಂದು ಕೇಳಲು ಹೊರಟವರು ‘ಇದು ನಿಲ್ಲುತ್ತದೆ ಎಂದು ಹೇಗೆ ತೋರಿಸುವುದು?’ ಎಂದು ಯೋಚಿಸಲು ಶುರು ಮಾಡುತ್ತಾರೆ. ಹಣ ಸುರಿದ ಮೇಲಂತೂ ನಿಲ್ಲಿಸುವುದು ಇನ್ನೂ ಕಷ್ಟ. ಹೋದ ಹಣ ಮರಳಿ ಬರುವುದಿಲ್ಲ ಎಂದು ಗೊತ್ತಿದ್ದೂ, ಅದರ ಸಲುವಾಗಿಯೇ ಇನ್ನಷ್ಟು ಹಣ ಹಾಕುವ ಮನುಷ್ಯ ಸ್ವಭಾವವನ್ನು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಆಪಲ್ ಕಾರಿನಂತೆ ಹತ್ತನೆಯ ವರ್ಷದಲ್ಲಿ ನಿಲ್ಲಿಸುವ ನಿರ್ಧಾರಕ್ಕೆ ಧೈರ್ಯ ಬೇಕು, ನಿಜ. ಆದರೆ ಅದನ್ನು ಆರಂಭದ ಪರೀಕ್ಷೆಯ ಗೆಲುವು ಎನ್ನಲಾಗದು.

ಸುಳ್ಳು ‘ಇಲ್ಲ’ವೂ ಇದೆ

ಹಾಗಾದರೆ ಕಟ್ಟುನಿಟ್ಟಾಗಿ ಸೋಸಿದರೆ ಆಯಿತಲ್ಲ ಎನ್ನಬಹುದು. ಆಗ ಇನ್ನೊಂದು ತಪ್ಪು ಆಗುತ್ತದೆ. ಒಳ್ಳೆಯದೂ ಸೋಸಿ ಹೋಗುತ್ತದೆ. ಮತ್ತು ಆ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ, ಹುಟ್ಟದೇ ಹೋದ ಉತ್ಪನ್ನದ ಬಗ್ಗೆ ಸುದ್ದಿ ಬರುವುದಿಲ್ಲವಲ್ಲ.

3ಎಂ ಕಂಪನಿಯ ಪೋಸ್ಟ್-ಇಟ್ ಚೀಟಿಗಳ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಒಂದು ಅಂಟು ಕಂಡುಹಿಡಿದರು. ಅದು ಹಗುರವಾಗಿ ಅಂಟುತ್ತಿತ್ತು, ಸುಲಭವಾಗಿ ಬಿಡುತ್ತಿತ್ತು. ಅದರಿಂದ ಏನು ಪ್ರಯೋಜನ ಎಂದು ವರ್ಷಗಟ್ಟಲೆ ಯಾರಿಗೂ ಹೊಳೆಯಲಿಲ್ಲ. ಪುಟ ಗುರುತಿಗೆ ಬಳಸಬಹುದು ಎಂದು ಅವರ ಸಹೋದ್ಯೋಗಿ ಆರ್ಟ್ ಫ್ರೈ ಅವರಿಗೆ ಹೊಳೆದದ್ದು 1974ರಲ್ಲಿ. 1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಿ ನೋಡಿದರು. ಮಾರಾಟ ನೀರಸವಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಮರುವರ್ಷ ಅಮೆರಿಕದ ಬಾಯ್ಸಿ ನಗರದಲ್ಲಿ ಅದೇ ಚೀಟಿಗಳನ್ನು ಪುಕ್ಕಟೆ ಹಂಚಿದರು. ಬಳಸಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಕೊಳ್ಳುತ್ತೇವೆ ಎಂದರು. 1980ರಲ್ಲಿ ಅದು ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು.

ಎರಡು ಪರೀಕ್ಷೆಗಳಲ್ಲೂ ವಸ್ತು ಅದೇ. ಆದರೆ ‘ಅಂಟಿ ಬಿಡುವ ಚೀಟಿ’ ಎಂದು ವಿವರಿಸಿದರೆ ಯಾರಿಗೂ ಬೇಕೆನಿಸುವುದಿಲ್ಲ. ಒಂದು ವಾರ ಮೇಜಿನ ಮೇಲಿದ್ದರೆ ಬಿಡಲು ಆಗುವುದಿಲ್ಲ. ಬಳಸಿಯೇ ತಿಳಿಯಬೇಕಾದ ವಸ್ತುವನ್ನು ವಿವರಣೆ ಓದಿಸಿ ಅಳೆದರೆ ಉತ್ತರ ತಪ್ಪಾಗಿಯೇ ಬರುತ್ತದೆ.

ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿಯದೂ ಸುಮಾರು ಹೀಗೇ. ಮಾರುಕಟ್ಟೆಗೆ ಬರುವ ಮೊದಲು ಕೂತು ನೋಡಿದವರು ಆರಾಮಕ್ಕೆ ಒಳ್ಳೆಯ ಅಂಕ ಕೊಟ್ಟರು, ನೋಟಕ್ಕೆ ಕೊಡಲಿಲ್ಲ. ಕುರ್ಚಿ ಎಂದರೆ ದಪ್ಪ ಮೆತ್ತೆ ಎಂದುಕೊಂಡವರಿಗೆ ಆ ಜಾಲರಿ ಕುರ್ಚಿ ಅರೆಬರೆ ಕೆಲಸದಂತೆ ಕಂಡಿತು. 1994ರಲ್ಲಿ ಬಂದ ಅದು ಮುಂದೆ ಲೋಕದ ಅತಿ ಪರಿಚಿತ ಆಫೀಸ್ ಕುರ್ಚಿಗಳಲ್ಲಿ ಒಂದಾಯಿತು. ‘ಅಪರಿಚಿತ’ ಮತ್ತು ‘ಕೆಟ್ಟದು’ ಎಂಬ ಎರಡು ಅನಿಸಿಕೆಗಳು ಮೊದಲ ನೋಟಕ್ಕೆ ಒಂದೇ ಥರ ಕಾಣುತ್ತವೆ.

ಮೂರು ವಾದಗಳು

ಈ ಎರಡು ತಪ್ಪುಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು? ಜಗಳ ಇರುವುದು ಇಲ್ಲಿ.

ಮೊದಲನೆಯ ಪಂಗಡ ಸುಳ್ಳು ‘ಹೌದಿ’ಗೆ ಹೆದರುತ್ತದೆ. ಕೆನಡಾದ ರಾಬರ್ಟ್ ಕೂಪರ್ 1980ರ ದಶಕದಲ್ಲಿ ರೂಪಿಸಿದ ‘ಸ್ಟೇಜ್-ಗೇಟ್’ ಪದ್ಧತಿ ಇವರದು. ಕೆಲಸವನ್ನು ಹಂತಗಳಾಗಿ ಒಡೆಯುವುದು, ಪ್ರತಿ ಹಂತದ ಮುಂದೆ ಒಂದು ಗೇಟ್ ನಿಲ್ಲಿಸುವುದು. ಗೇಟಿನಲ್ಲಿ ಮುಂದುವರಿಸು, ನಿಲ್ಲಿಸು, ಕಾಯಿ ಅಥವಾ ಸರಿಮಾಡಿ ತಾ ಎಂಬ ತೀರ್ಮಾನ ಆಗಬೇಕು. ಹಣವೂ ಕಂತುಕಂತಾಗಿ ಸಿಗುತ್ತದೆ. ಕಾರ್ಖಾನೆ, ಅಚ್ಚು, ಪರವಾನಗಿ ಬೇಕಾದ ಉತ್ಪನ್ನಗಳಿಗೆ ಇದು ಹೊಂದುತ್ತದೆ. ತೊಂದರೆ ಏನೆಂದರೆ, ನಡೆಯುತ್ತಾ ಹೋದಂತೆ ಗೇಟುಗಳು ಸಡಿಲಾಗುತ್ತವೆ. ನಿಲ್ಲಿಸುವ ಅಧಿಕಾರ ಇದ್ದರೂ ಯಾರೂ ಬಳಸುವುದಿಲ್ಲ. ಫೈಲು ಮುಂದೆ ಸಾಗುತ್ತದೆ ಅಷ್ಟೇ.

ಎರಡನೆಯವರು ‘ಪರೀಕ್ಷೆಗೆ ಮಾರುಕಟ್ಟೆಯೇ ಜಾಗ’ ಎನ್ನುತ್ತಾರೆ. ಸಣ್ಣದಾಗಿ ಮಾಡಿ, ಬೇಗ ಬಿಡುಗಡೆ ಮಾಡಿ, ಜನರ ವರ್ತನೆ ನೋಡಿ ತಿದ್ದಿ ಎಂಬುದು ಅವರ ವಾದ. ಸಾಫ್ಟ್‌ವೇರಿಗೆ ಇದು ಸರಿ. ಇವತ್ತಿನ ತಪ್ಪನ್ನು ನಾಳೆ ಅಪ್‌ಡೇಟ್‌ನಲ್ಲಿ ಸರಿಮಾಡಬಹುದು. ಆದರೆ ಬ್ಯಾಟರಿ ಇರುವ, ಮೈಮೇಲೆ ಧರಿಸುವ ವಸ್ತುವಿಗೆ ಇದನ್ನು ಹಾಗೇ ತಂದರೆ ಅಪಾಯ. ಎಐ ಪಿನ್ ಜೊತೆ ಕೊಟ್ಟ ಚಾರ್ಜಿಂಗ್ ಕೇಸ್‌ನಲ್ಲಿ ಬೆಂಕಿಯ ಅಪಾಯ ಇದೆ, ಬಳಸಬೇಡಿ ಎಂದು ಕಂಪನಿಯೇ 2024ರ ಜೂನ್‌ನಲ್ಲಿ ಗ್ರಾಹಕರಿಗೆ ಹೇಳಬೇಕಾಯಿತು. ಅಂಥದ್ದನ್ನು ಅಪ್‌ಡೇಟ್ ಕಳಿಸಿ ಸರಿಮಾಡಲು ಬರುವುದಿಲ್ಲ.

ಮೂರನೆಯ ವಾದ ಕೇಳಲು ಚೆಂದ. ‘ತಮಗೆ ಏನು ಬೇಕು ಎಂದು ಜನರಿಗೇ ಗೊತ್ತಿರುವುದಿಲ್ಲ, ತೋರಿಸಿದ ಮೇಲೆ ಗೊತ್ತಾಗುತ್ತದೆ.’ ಇದರಲ್ಲಿ ಅರ್ಧ ಸತ್ಯವಿದೆ, ಪೋಸ್ಟ್-ಇಟ್ ಅದನ್ನೇ ಹೇಳುತ್ತದೆ. ಆದರೆ ಉಳಿದ ಅರ್ಧವನ್ನು ಈ ವಾದದವರು ಬಿಡುತ್ತಾರೆ. ಜನರಿಗೆ ಪರಿಹಾರ ಗೊತ್ತಿಲ್ಲದಿರಬಹುದು. ತೊಂದರೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ತೋರಿಸಿದ ಮೇಲೆ ಗೊತ್ತಾಗುವುದಾದರೆ ಬೇಗ, ಅಗ್ಗವಾಗಿ ತೋರಿಸಲು ಏನು ಅಡ್ಡಿ? ಕೋಟಿಗಟ್ಟಲೆ ಸುರಿದ ಮೇಲೇ ತೋರಿಸಬೇಕು ಎಂದೇನೂ ಇಲ್ಲ.

ಮರದ ತುಂಡಿನ ಪಾಠ

ಅಗ್ಗವಾಗಿ ತೋರಿಸುವುದು ಹೇಗೆ? 1990ರ ದಶಕದಲ್ಲಿ ಜೆಫ್ ಹಾಕಿನ್ಸ್ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ ಮಾಡುವ ಮೊದಲು ಒಂದು ಮರದ ತುಂಡನ್ನು ಅಂಗಿ ಜೇಬಿಗೆ ಹಿಡಿಸುವಂತೆ ಕತ್ತರಿಸಿಕೊಂಡರು. ಅದನ್ನು ಹೋದಲ್ಲೆಲ್ಲ ಒಯ್ದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ತುಂಡನ್ನು ಹೊರತೆಗೆದು ಅದರ ಮೇಲೆ ಬರೆಯುವಂತೆ ನಟಿಸುತ್ತಿದ್ದರು. ಸರ್ಕ್ಯೂಟ್ ಇಲ್ಲ, ಪರದೆ ಇಲ್ಲ. ಆದರೂ ಮುಖ್ಯ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು. ಇಷ್ಟು ದೊಡ್ಡದನ್ನು ದಿನವಿಡೀ ಒಯ್ಯುತ್ತೇನಾ? ಯಾವ ಕೆಲಸಕ್ಕೆ ಕೈ ತಾನಾಗಿ ಇದರತ್ತ ಹೋಗುತ್ತದೆ?

ಇದರ ಹಿಂದಿನ ಯೋಚನೆ ಗಮನಿಸಿ. ಪ್ರತಿ ಹೊಸ ಐಡಿಯಾದೊಳಗೂ ಹಲವು ನಂಬಿಕೆಗಳು ಅಡಗಿರುತ್ತವೆ. ಅವುಗಳಲ್ಲಿ ಒಂದು ಸುಳ್ಳಾದರೆ ಉಳಿದದ್ದೆಲ್ಲ ಬೀಳುತ್ತದೆ. ಮೊದಲು ಅದನ್ನೇ ಹುಡುಕಿ ಪರೀಕ್ಷಿಸಬೇಕು. ಸಾಮಾನ್ಯವಾಗಿ ತಂಡಗಳು ಇದರ ಉಲ್ಟಾ ಮಾಡುತ್ತವೆ. ತಮಗೆ ಬರುವ ಕೆಲಸವನ್ನು ಮೊದಲು ಮಾಡುತ್ತವೆ. ಎಂಜಿನಿಯರುಗಳು ಇದ್ದರೆ ಯಂತ್ರ, ವಿನ್ಯಾಸಕಾರರು ಇದ್ದರೆ ರೂಪ. ಎಲ್ಲಕ್ಕಿಂತ ಅನುಮಾನದ ನಂಬಿಕೆ ಕೊನೆಗೆ ಉಳಿಯುತ್ತದೆ.

ಎಐ ಪಿನ್ ನಿಂತಿದ್ದ ನಂಬಿಕೆ ಯಾವುದು? ಜನ ಫೋನನ್ನು ಜೇಬಿನಲ್ಲೇ ಬಿಟ್ಟು, ನಾಲ್ಕು ಜನರ ನಡುವೆ ಗಟ್ಟಿಯಾಗಿ ಮಾತಾಡಿ ಕೆಲಸ ಮಾಡಿಸಿಕೊಳ್ಳುತ್ತಾರೆ ಎಂಬುದು. ಇದಕ್ಕಾಗಿ 699 ಡಾಲರ್ ಕೊಟ್ಟು, ತಿಂಗಳಿಗೆ 24 ಡಾಲರ್ ಚಂದಾ ಕಟ್ಟುತ್ತಾರೆ ಎಂಬುದು. ಉತ್ತರ ನಿಧಾನ, ಕೆಲವೊಮ್ಮೆ ತಪ್ಪು, ಸಾಧನ ಬಿಸಿಯಾಗುತ್ತದೆ ಎಂದು ವಿಮರ್ಶಕರು ಬರೆದರು. ಅವು ಯಂತ್ರದ ದೋಷಗಳು. ಆದರೆ ಮೇಲಿನ ನಂಬಿಕೆಯನ್ನು ಪರೀಕ್ಷಿಸಲು ಆ ಯಂತ್ರವೇ ಬೇಕಿಲ್ಲ. ಒಂದಷ್ಟು ಜನರ ಅಂಗಿಗೆ ಬರೀ ಮೈಕ್ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ ಉತ್ತರ ಕೊಡಿಸಬಹುದು. ಮೂರನೆಯ ವಾರವೂ ಅವರು ಮೈಕಿನಲ್ಲಿ ಮಾತಾಡುತ್ತಾರಾ, ಇಲ್ಲ ಸುಮ್ನೆ ಫೋನ್ ತೆಗೆಯುತ್ತಾರಾ ನೋಡಿದರೆ ಸಾಕು.

ಇಂಥ ಪರೀಕ್ಷೆ ಹೊಸದೇನಲ್ಲ. ಐಬಿಎಂ ಸಂಶೋಧಕರು 1980ರ ದಶಕದ ಆರಂಭದಲ್ಲಿ ‘ಕೇಳಿಸಿಕೊಂಡು ಟೈಪ್ ಮಾಡುವ ಯಂತ್ರ’ವನ್ನು ಹೀಗೇ ಅಳೆದರು. ಯಂತ್ರ ಇರಲಿಲ್ಲ. ಮರೆಯಲ್ಲಿ ಒಬ್ಬ ಟೈಪಿಸ್ಟ್ ಇದ್ದರು. ಯಂತ್ರಕ್ಕೆ ಎಷ್ಟು ಪದ ಗೊತ್ತಿರಬೇಕು, ಪದಪದವಾಗಿ ಬಿಡಿಸಿ ಹೇಳಬೇಕಾದರೆ ಜನರಿಗೆ ಎಷ್ಟು ತೊಡಕು ಎಂಬುದನ್ನು, ಅಂಥ ಯಂತ್ರ ಹುಟ್ಟುವ ಮುಂಚೆಯೇ ತಿಳಿದುಕೊಂಡರು.

ಕೊಳ್ಳುವ ಮನಸ್ಸನ್ನೂ ಹೀಗೇ ಅಳೆಯಬಹುದು. ನಿಕ್ ಸ್ವಿನ್ಮರ್ನ್ 1999ರಲ್ಲಿ ಅಂಗಡಿಗೆ ಹೋಗಿ ಶೂಗಳ ಫೋಟೊ ತೆಗೆದು ವೆಬ್‌ಸೈಟಿನಲ್ಲಿ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಿಂದ ಕೊಂಡು ಕಳಿಸುತ್ತಿದ್ದರು. ಲಾಭ ಇರಲಿಲ್ಲ. ಆದರೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ನಿಜವಾದ ದುಡ್ಡಿನ ಉತ್ತರ ಬಂತು. ಅದು ಮುಂದೆ ಝಾಪೋಸ್ ಎಂಬ ಆನ್‌ಲೈನ್ ಶೂ ಅಂಗಡಿಯಾಯಿತು. ‘ಇಷ್ಟವಾಯ್ತಾ?’ ಎಂದು ಕೇಳುವುದಕ್ಕೂ, ಜನ ಇದಕ್ಕಾಗಿ ಏನನ್ನು ಬಿಟ್ಟುಕೊಡುತ್ತಾರೆ ಎಂದು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ದುಡ್ಡು, ಸಮಯ, ಜೇಬಿನಲ್ಲಿ ಜಾಗ, ಹಳೆಯ ಅಭ್ಯಾಸ ಎಲ್ಲವೂ ಬಿಟ್ಟುಕೊಡುವ ವಸ್ತುಗಳೇ.

ಹೋಲಿಕೆಯನ್ನೂ ಮರೆಯಬಾರದು. ಬ್ರಿಟಿಷ್ ಎಂಜಿನಿಯರ್ ಸ್ಟುವರ್ಟ್ ಪ್ಯೂ ಅವರ ಪದ್ಧತಿಯಲ್ಲಿ ಪ್ರತಿ ಐಡಿಯಾವನ್ನೂ ಒಂದು ಗೊತ್ತಿರುವ ವಸ್ತುವಿನ ಪಕ್ಕ ಇಟ್ಟು, ಒಂದೊಂದು ಅಂಶದಲ್ಲೂ ಅದಕ್ಕಿಂತ ಮೇಲೋ, ಕೆಳಗೋ, ಸಮವೋ ಎಂದು ಗುರುತು ಹಾಕುತ್ತಾರೆ. ಅಂಕ ಕೂಡಿ ಗೆದ್ದವರನ್ನು ಘೋಷಿಸುವುದಷ್ಟೇ ಇದರ ಕೆಲಸವಲ್ಲ. ಒಂದರ ಬಲವನ್ನು ಇನ್ನೊಂದಕ್ಕೆ ಸೇರಿಸಿ ಮೂರನೆಯದನ್ನು ಹುಟ್ಟಿಸಲು ಇದು ದಾರಿ. ಪಕ್ಕದಲ್ಲಿ ಇಡುವ ಆ ವಸ್ತು ಜನ ಇವತ್ತು ನಿಜವಾಗಿ ಬಳಸುತ್ತಿರುವುದೇ ಆಗಿರಬೇಕು. ಜೂಸೆರೊ ಎಂಬ ಕಂಪನಿ 699 ಡಾಲರಿನ ಹಣ್ಣಿನ ರಸದ ಯಂತ್ರ ತಂದಿತ್ತು. ಅದಕ್ಕೆ ಹಾಕುವ ಹಣ್ಣಿನ ಚೀಲವನ್ನು ಕೈಯಲ್ಲೇ ಹಿಂಡಿದರೂ ರಸ ಬರುತ್ತದೆ ಎಂದು 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಸೆಪ್ಟೆಂಬರಿನಲ್ಲಿ ಕಂಪನಿ ಮುಚ್ಚಿತು. ಆ ಯಂತ್ರದ ಪಕ್ಕ ಇಡಬೇಕಾಗಿದ್ದದ್ದು ಎರಡು ಕೈಗಳನ್ನು.

ಈಗ ಎಐಯನ್ನೇ ಕೇಳಿದರೆ?

ಈ ಚರ್ಚೆ ಈಗ ಬಿಸಿಯಾಗಲು ಇನ್ನೊಂದು ಕಾರಣವಿದೆ. ಕೃತಕ ಬಳಕೆದಾರರನ್ನು ಒದಗಿಸುವ ಸೇವೆಗಳು ಬಂದಿವೆ. ‘ಮೂವತ್ತೈದರ ತಾಯಿ’, ‘ನಿವೃತ್ತ ಶಿಕ್ಷಕ’ ಎಂಬ ಪಾತ್ರಗಳನ್ನು ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗೆ ಕೊಟ್ಟು, ಐಡಿಯಾ ತೋರಿಸಿ, ನಿಮಿಷಗಳಲ್ಲಿ ನೂರಾರು ಉತ್ತರ ಪಡೆಯಬಹುದು. ಪರವಾಗಿ ಹೇಳುವವರ ಮಾತಿನಲ್ಲೂ ಹುರುಳಿದೆ. ನಿಜವಾದ ಜನರನ್ನು ಹುಡುಕಿ ಕೇಳಲು ವಾರಗಟ್ಟಲೆ ಬೇಕು, ಸಣ್ಣ ತಂಡಗಳಿಗೆ ಅದು ಕೈಗೆಟುಕುವುದಿಲ್ಲ. ಏನೂ ಕೇಳದಿರುವುದಕ್ಕಿಂತ ಇದು ಮೇಲು ಎನ್ನುತ್ತಾರೆ.

ಕೆಲವು ಕೆಲಸಕ್ಕೆ ಖಂಡಿತ ಮೇಲು. ವಿವರಣೆಯಲ್ಲಿ ಯಾವ ವಾಕ್ಯ ಗೊಂದಲ ಹುಟ್ಟಿಸುತ್ತದೆ, ಯಾವ ಆಕ್ಷೇಪ ಬರಬಹುದು, ಸರ್ವೆಯಲ್ಲಿ ಯಾವ ಪ್ರಶ್ನೆ ಬಿಟ್ಟುಹೋಗಿದೆ ಎಂದು ಹುಡುಕಲು ಮಾದರಿಗಳು ಒಳ್ಳೆಯ ಜೊತೆಗಾರರು. ತೀರ್ಪಿಗೆ ಮಾತ್ರ ಅವನ್ನು ಕೂರಿಸಬಾರದು. ಅವು ಕಲಿತಿರುವುದು ಈಗಾಗಲೇ ಬರೆದಿಟ್ಟ ಮಾತುಗಳಿಂದ, ಹಾಗಾಗಿ ಹಿಂದೆ ಇಲ್ಲದ ಬಗೆಯ ವಸ್ತುವಿನ ಬಗ್ಗೆ ಅವಕ್ಕೆ ಅನುಭವವಿಲ್ಲ. ಕೇಳುವವರಿಗೆ ಒಪ್ಪಿಗೆಯಾಗುವ ಉತ್ತರದತ್ತ ಅವು ವಾಲುತ್ತವೆ. ಮನುಷ್ಯರ ಉತ್ತರಗಳಲ್ಲಿ ಇರುವ ಹರವು ಅವುಗಳಲ್ಲಿ ಇರುವುದಿಲ್ಲ ಎಂದು ಸಂಶೋಧಕರು ಗುರುತಿಸಿದ್ದಾರೆ. ಹೊಸ ಉತ್ಪನ್ನವನ್ನು ಮೊದಲು ಎತ್ತಿಕೊಳ್ಳುವವರು ಆ ಹರವಿನ ಒಂದು ಅಂಚಿನಲ್ಲಿರುವ ಕೆಲವೇ ಜನ, ಸರಾಸರಿ ಉತ್ತರದಲ್ಲಿ ಅವರು ಕಾಣುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾದರಿಗೆ ಬಿಟ್ಟುಕೊಡಲು ಏನೂ ಇಲ್ಲ. ಅದಕ್ಕೆ ಜೇಬಿಲ್ಲ, ಅಭ್ಯಾಸವಿಲ್ಲ, ನಾಲ್ಕು ಜನರ ಮುಂದೆ ಮುಜುಗರವಿಲ್ಲ. ಮನುಷ್ಯರ ಬಾಯಿಮಾತಿನ ‘ಹೌದು’ ದುರ್ಬಲ ಎನ್ನುವುದಾದರೆ, ಇದು ಅದಕ್ಕಿಂತಲೂ ದುರ್ಬಲ.

ಮುಂದೆ ಏನಾಗಬಹುದು

ಐಡಿಯಾ ಬರೆಯುವುದು, ಚಿತ್ರ ಮಾಡುವುದು, ಕೆಲಸ ಮಾಡುವಂತೆ ಕಾಣುವ ಪ್ರೊಟೊಟೈಪ್ ಕಟ್ಟುವುದು ಇವೆಲ್ಲ ಅಗ್ಗವಾಗುತ್ತಿವೆ. ಹಿಂದೆ ತಿಂಗಳಿಗೆ ಎರಡು ಐಡಿಯಾ ಬರುತ್ತಿದ್ದ ತಂಡಕ್ಕೆ ಈಗ ಇಪ್ಪತ್ತು ಬರಬಹುದು. ಆಯ್ಕೆ ಮಾಡುವವರ ಸಂಖ್ಯೆಯೂ ಸಮಯವೂ ಹೆಚ್ಚಿಲ್ಲ. ಹಾಗಾಗಿ ಒತ್ತಡವೆಲ್ಲ ಮೌಲ್ಯಮಾಪನದ ಮೇಲೆ ಬೀಳುತ್ತದೆ. ಆಗ ನುಣುಪಾಗಿ ಕಾಣುವ ಐಡಿಯಾ ಗೆಲ್ಲುವ ಸಾಧ್ಯತೆ ಜಾಸ್ತಿ. ಪೆನ್ಸಿಲಿನಲ್ಲಿ ಗೀಚಿದ್ದನ್ನು ಜನ ಧಾರಾಳವಾಗಿ ಟೀಕಿಸುತ್ತಾರೆ. ಮುಗಿದಂತೆ ಕಾಣುವುದನ್ನು ಟೀಕಿಸಲು ಹಿಂಜರಿಯುತ್ತಾರೆ, ಬಣ್ಣ ಗುಂಡಿಗಳ ಬಗ್ಗೆ ಮಾತ್ರ ಹೇಳುತ್ತಾರೆ. ‘ಇದು ಬೇಕೇ?’ ಎಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ.

ಇದನ್ನು ತಡೆಯಲು ಕಂಪನಿಗಳು ಮಾಡಬಹುದಾದ ಒಂದು ಕೆಲಸಕ್ಕೆ ಖರ್ಚೇ ಇಲ್ಲ. ಪರೀಕ್ಷೆಗೆ ಮುಂಚೆಯೇ, ಯಾವ ಫಲಿತಾಂಶ ಬಂದರೆ ನಿಲ್ಲಿಸುತ್ತೇವೆ ಎಂದು ಬರೆದಿಡುವುದು. ‘ಮೂರನೆಯ ವಾರ ಅರ್ಧಕ್ಕಿಂತ ಕಡಿಮೆ ಜನ ಬಳಸುತ್ತಿದ್ದರೆ ನಿಲ್ಲಿಸುತ್ತೇವೆ’ ಎಂಬಂಥ ಒಂದು ಸಾಲು. ಫಲಿತಾಂಶ ಬಂದ ಮೇಲೆ ಗೆರೆ ಎಳೆದರೆ ಅದು ಯಾವಾಗಲೂ ಫಲಿತಾಂಶದ ಕೆಳಗೇ ಬೀಳುತ್ತದೆ. ಐಡಿಯಾದ ಮಾಲೀಕರಲ್ಲದವರು ಆ ಸಾಲನ್ನು ಬರೆದರೆ ಇನ್ನೂ ಒಳ್ಳೆಯದು.

ಬರೆಯದಿದ್ದರೆ ಪರೀಕ್ಷೆ ತಪ್ಪುವುದಿಲ್ಲ, ಕೊಂಡವರ ಹೆಗಲಿಗೆ ದಾಟುತ್ತದೆ. 2025ರ ಫೆಬ್ರವರಿ 28ರಂದು ಹ್ಯೂಮೇನ್ ತನ್ನ ಸರ್ವರುಗಳನ್ನು ನಿಲ್ಲಿಸಿತು. ಅಂದಿನಿಂದ ಪಿನ್‌ಗಳು ಕರೆ ಮಾಡಲಿಲ್ಲ, ಸಂದೇಶ ಕಳಿಸಲಿಲ್ಲ, ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಹಣ ಮರಳಿ ಕೇಳುವ ಅವಕಾಶ 90 ದಿನದ ವಾಪಸಾತಿ ಅವಧಿಯೊಳಗೆ ಇದ್ದವರಿಗೆ ಮಾತ್ರ ಸಿಕ್ಕಿತು. ಐಡಿಯಾವನ್ನು ಎಲ್ಲರಿಗಿಂತ ಮೊದಲು ನಂಬಿ, 2024ರ ಏಪ್ರಿಲ್‌ನಲ್ಲೇ ದುಡ್ಡು ಕೊಟ್ಟವರು ಆ ಅವಧಿಯನ್ನು ಎಂದೋ ದಾಟಿದ್ದರು.